ಕರೆದರೂ ಬಾರದ ಸಾಮಂತರು: ವಾರ್‌ಬ್ಯಾಂಡ್ ಆಟದ ಮಾರ್ಷಲ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ನನ್ನ ಸೇವ್‌ನಲ್ಲಿ, ಅಂದರೆ ಉಳಿಸಿಟ್ಟುಕೊಂಡ ಆಟದಲ್ಲಿ, ನಡೆದದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಈ ದೋಷ ಹೆಚ್ಚು ಕಡಿಮೆ ಎಲ್ಲ ಆಟಗಾರರಿಗೂ ಇದೇ ರೂಪದಲ್ಲಿ ಎದುರಾಗುತ್ತದೆ. ಸ್ವಾಡಿಯಾ ರಾಜ್ಯದ ಮಾರ್ಷಲ್ ಪದವಿ, ಅಂದರೆ ಸಾಮಂತರನ್ನು ದಂಡಯಾತ್ರೆಗೆ ಕರೆಯುವವನ ಪದವಿ, ನನಗೆ ಸಿಕ್ಕಿ ಆಟದ ಲೆಕ್ಕದಲ್ಲಿ ಹತ್ತು ದಿನವೂ ಆಗಿರಲಿಲ್ಲ. ಉಕ್ಸ್‌ಖಾಲ್ ಪಟ್ಟಣದ ಹೊರಗೆ ನಿಂತು ದಂಡಯಾತ್ರೆಗೆ ಕರೆ ಕೊಟ್ಟೆ. ಶತ್ರುಗಳಾದ ರೋಡಾಕರ ವೆಲೂಕಾ ಪಟ್ಟಣವನ್ನು ಹಿಡಿಯುವುದು ಉದ್ದೇಶವಾಗಿತ್ತು. ಎರಡು ದಿನ ಕಾದ ಮೇಲೆ ಒಂಬತ್ತು ಮಂದಿ ಸಾಮಂತರು ಬಂದು ಸೇರಿದರು. ವೆಲೂಕಾಕ್ಕೆ ಮುತ್ತಿಗೆ ಹಾಕಿ ಏಣಿ ಕಟ್ಟಿಸಲು ಆರಂಭಿಸಿದಾಗ ಆರು ಮಂದಿ ಉಳಿದಿದ್ದರು. ಏಣಿ ಸಿದ್ಧವಾಗುವ ಹೊತ್ತಿಗೆ ನಕ್ಷೆಯ ಮೇಲೆ ನನ್ನ ಪಕ್ಕದಲ್ಲಿದ್ದದ್ದು ಎರಡೇ ಪಡೆ, ಅದರಲ್ಲೂ ಒಂದು ಆಗಲೇ ಉತ್ತರದ ಕಡೆಗೆ ಮುಖ ಮಾಡಿತ್ತು. ಮರುದಿನ ರೋಡಾಕರ ಪಡೆಗಳು ಒಟ್ಟಾಗಿ ಬಂದವು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸಂದರ್ಭದಲ್ಲಿ ಆಟಗಾರರು ಸಾಮಾನ್ಯವಾಗಿ ಎರಡು ತೀರ್ಮಾನಗಳಿಗೆ ಬರುತ್ತಾರೆ. ಆಟದಲ್ಲೇ ಏನೋ ಕೆಟ್ಟಿದೆ ಎಂಬುದು ಒಂದು. ಕಂಪ್ಯೂಟರ್ ನಡೆಸುವ ಸಾಮಂತರಿಗೆ ಬುದ್ಧಿಯಿಲ್ಲ, ಅವರನ್ನು ಒಟ್ಟುಗೂಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ನಿಜವಿದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಆಟ ತನ್ನ ನಿಯಮದಂತೆಯೇ ನಡೆಯುತ್ತಿರುತ್ತದೆ, ಸಾಮಂತನಿಗೂ ಹೊರಟುಹೋಗಲು ಒಂದು ಖಚಿತವಾದ ಕಾರಣವಿರುತ್ತದೆ, ಕೇಳಿದರೆ ಆ ಕಾರಣವನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಕೇಳುವವರು ಕಡಿಮೆ, ಅಷ್ಟೆ. ಅವನ ಉತ್ತರವನ್ನು ಯಂತ್ರವೊಂದರ ದೋಷಸೂಚನೆಯಂತೆ ಓದಿಕೊಂಡು, ಆ ಸೂಚನೆಗೆ ತಕ್ಕ ದುರಸ್ತಿಯನ್ನಷ್ಟೇ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈ ಕೈಪಿಡಿ ಯಾವ ಆಟಕ್ಕೆ ಅನ್ವಯಿಸುತ್ತದೆ

ಟರ್ಕಿಯ ಅಂಕಾರಾ ನಗರದ ಟೇಲ್‌ವರ್ಲ್ಡ್ಸ್ ಸಂಸ್ಥೆ 2010ರಲ್ಲಿ ಹೊರತಂದ ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್ ಆಟದ, ಯಾವುದೇ ಮಾಡ್ (ಆಟಗಾರರು ಬರೆದು ಸೇರಿಸುವ ಮಾರ್ಪಾಡು) ಸೇರಿಸದ ಮೂಲ ರೂಪವನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಕ್ಯಾಲ್ರಾಡಿಯಾ ಎಂಬ ಕಲ್ಪಿತ ಮಧ್ಯಯುಗದ ಭೂಖಂಡ, ಅದರಲ್ಲಿ ಸ್ವಾಡಿಯಾ, ರೋಡಾಕ್, ನಾರ್ಡ್, ವೇಗಿರ್, ಖೆರ್ಗಿತ್, ಸರ್ರಾನಿದ್ ಎಂಬ ಆರು ರಾಜ್ಯಗಳು. ಪ್ರತಿ ರಾಜ್ಯಕ್ಕೂ ಒಬ್ಬ ಅರಸ, ಅವನ ಕೈಕೆಳಗೆ ಸಾಮಂತರು, ಸಾಮಂತರಲ್ಲೊಬ್ಬ ಮಾರ್ಷಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾರ್ಷಲ್ ಎಂದರೆ ದಂಡನಾಯಕ. ಆದರೆ ದಂಡನಾಯಕ ಎಂದೊಡನೆ ಆಜ್ಞೆ ಮಾಡುವವನು ಎಂಬ ಅರ್ಥ ಮನಸ್ಸಿಗೆ ಬರುತ್ತದೆ, ಈ ಆಟದ ಮಾರ್ಷಲ್‌ಗೆ ಆ ಅಧಿಕಾರವಿಲ್ಲ. ಆದ್ದರಿಂದ ಆಟದ ಪದವನ್ನೇ ಉಳಿಸಿಕೊಂಡಿದ್ದೇನೆ.

ಈ ವ್ಯತ್ಯಾಸವನ್ನು ಆರಂಭದಲ್ಲೇ ಅರಿತರೆ ಅರ್ಧ ದೋಷ ಅಲ್ಲಿಗೇ ಪರಿಹಾರವಾಗುತ್ತದೆ. ಮಾರ್ಷಲ್ ಕೊಡುವ ಕರೆ ಆಜ್ಞೆಯಲ್ಲ, ಆಹ್ವಾನ. ಆ ಆಹ್ವಾನವನ್ನು ಸಾಮಂತ ಒಮ್ಮೆ ಒಪ್ಪಿಕೊಂಡ ಮಾತ್ರಕ್ಕೆ ಕೊನೆಯವರೆಗೂ ಜೊತೆಗಿರಬೇಕೆಂಬ ಕಟ್ಟುಪಾಡೂ ಇಲ್ಲ; ಜೊತೆಗಿರುವುದೋ ಬಿಡುವುದೋ ಎಂದು ಅವನು ಮತ್ತೆ ಮತ್ತೆ ಲೆಕ್ಕ ಹಾಕುತ್ತಲೇ ಇರುತ್ತಾನೆ. ಸಂಸ್ಥೆಯೇ ಮಾಡ್ ಬರೆಯುವವರಿಗಾಗಿ ಬಿಡುಗಡೆ ಮಾಡಿರುವ ಮಾಡ್ಯೂಲ್ ಸಿಸ್ಟಂ, ಅಂದರೆ ಆಟದ ನಿಯಮಗಳ ಕೋಡ್, ಪೈಥಾನ್ ಭಾಷೆಯ ಕಡತಗಳಲ್ಲಿದೆ. ಸಾಮಂತ ಮಾರ್ಷಲ್‌ನನ್ನು ಹಿಂಬಾಲಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲೆಂದೇ ಅದರಲ್ಲಿ ಪ್ರತ್ಯೇಕ ಸ್ಕ್ರಿಪ್ಟ್ ಇದೆ. ಕೋಡ್ ಓದಲು ಬಾರದಿದ್ದರೂ ತೊಂದರೆಯಿಲ್ಲ, ಏಕೆಂದರೆ ಆ ಸ್ಕ್ರಿಪ್ಟ್ ಕಂಡುಕೊಂಡ ಕಾರಣವೇ ಸಾಮಂತನ ಬಾಯಲ್ಲಿ ಮಾತಾಗಿ ಬರುತ್ತದೆ.

ಮೊದಲ ಪರೀಕ್ಷೆ: ಅವನನ್ನೇ ಕೇಳುವುದು

ಪಡೆಯಿಂದ ಕಳಚಿಕೊಂಡು ಹೋಗುತ್ತಿರುವ ಸಾಮಂತನನ್ನು ನಕ್ಷೆಯ ಮೇಲೆ ಬೆನ್ನಟ್ಟಿ ಹಿಡಿಯಿರಿ. ಬೆನ್ನಟ್ಟುವುದಕ್ಕೆ ಮುಂಚೆ ಆಟವನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಆರಂಭದಲ್ಲೇ ವಾಸ್ತವಿಕ ವಿಧಾನವನ್ನು, ಅಂದರೆ ಹೊರಬೀಳುವಾಗ ಮಾತ್ರ ತಾನಾಗಿಯೇ ಉಳಿಸುವ ವಿಧಾನವನ್ನು ಆರಿಸಿಕೊಂಡವರಿಗೆ ಈ ಸೌಲಭ್ಯವಿಲ್ಲ. ಮಾತುಕತೆ ತೆರೆದ ಮೇಲೆ, ನೀವೂ ನಿಮ್ಮವರೂ ಏನು ಮಾಡುತ್ತಿದ್ದೀರಿ ಎಂಬ ಅರ್ಥದ ಪ್ರಶ್ನೆಯನ್ನು ಆರಿಸಿ. ಅವನು ಕೊಡುವ ಉತ್ತರವನ್ನು ಓದಿದ್ದೇನೋ ಓದಿ, ಒಂದು ಕಾಗದದ ಮೇಲೂ ಬರೆದುಕೊಳ್ಳಿ. ಹಾಗೆಯೇ ಕನಿಷ್ಠ ಮೂವರನ್ನಾದರೂ ಕೇಳದೆ ಯಾವ ತೀರ್ಮಾನಕ್ಕೂ ಬರಬಾರದು. ಒಬ್ಬನ ಉತ್ತರ ಅವನೊಬ್ಬನ ಮನೆಯ ಸಮಸ್ಯೆಯಾಗಿರಬಹುದು. ಮೂವರೂ ಒಂದೇ ಮಾತು ಹೇಳಿದರೆ ದೋಷವಿರುವುದು ನಿಮ್ಮ ದಂಡಯಾತ್ರೆಯಲ್ಲಿ.

ವೆಲೂಕಾದ ಸೋಲಿನ ನಂತರ ಹಳೆಯ ಸೇವ್‌ಗೆ ಮರಳಿ ನಾನು ಮಾಡಿದ್ದು ಇದನ್ನೇ. ಕೌಂಟ್ ಹ್ಯಾರಿಂಗೋತ್ ಮತ್ತು ಕೌಂಟ್ ರಫಾರ್ಡ್ ಇಬ್ಬರೂ, ಮಾರ್ಷಲ್ ನಮ್ಮನ್ನು ಬಹಳ ದಿನಗಳಿಂದ ದಂಡಯಾತ್ರೆಯಲ್ಲೇ ಇಟ್ಟುಕೊಂಡಿದ್ದಾನೆ, ನಮಗೂ ನೋಡಿಕೊಳ್ಳಬೇಕಾದ ಬೇರೆ ಕೆಲಸಗಳಿವೆ ಎಂಬರ್ಥದ ಉತ್ತರ ಕೊಟ್ಟರು. ಕೌಂಟ್ ಡೆಲಿನಾರ್ಡ್ ಮುಖ್ಯ ಪಡೆ ಎಲ್ಲಿದೆಯೆಂದೇ ತನಗೆ ಗೊತ್ತಿಲ್ಲ ಎಂದ. ಕೌಂಟ್ ಕ್ಲಾರ್ಗಸ್ ಮಾತ್ರ, ಮಾರ್ಷಲ್‌ನ ವಿವೇಕದ ಮೇಲೇ ತನಗೆ ಸಂಶಯವಿದೆ ಎಂದು ನನ್ನ ಮುಖಕ್ಕೇ ಹೇಳಿದ. ನಾಲ್ವರನ್ನು ಕೇಳಿ ಮೂರು ಬಗೆಯ ಉತ್ತರ. ಇಷ್ಟು ಹೊತ್ತೂ ನಾನು ಇವೆಲ್ಲವನ್ನೂ ಕೈಕೊಡುವ ಜನ ಎಂಬ ಒಂದೇ ರೋಗವೆಂದು ತಿಳಿದಿದ್ದೆ.

ಪಡೆ ಎಲ್ಲಿದೆಯೋ ಗೊತ್ತಿಲ್ಲ ಎನ್ನುವ ಉತ್ತರ

ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವ ದೋಷ ಇದು, ಆಟಗಾರ ತನ್ನ ಕೈಯಾರೆ ಮಾಡಿಕೊಳ್ಳುವುದೂ ಹೌದು. ನಕ್ಷೆಯ ಮೇಲೆ ಒಂದು ಪಡೆಯ ವೇಗ ಅದರಲ್ಲಿರುವ ಜನರ ಸಂಖ್ಯೆ, ಕುದುರೆ ಸವಾರರ ಪ್ರಮಾಣ, ಹೊತ್ತ ಸರಕು, ಕೈದಿಗಳು, ಹಗಲು ರಾತ್ರಿ, ಕಾಡು ಬಯಲು ಇವುಗಳ ಮೇಲೆ ನಿಲ್ಲುತ್ತದೆ. ದಾರಿ ಹುಡುಕುವ ಕೌಶಲ, ಅಂದರೆ ಪಾಥ್‌ಫೈಂಡಿಂಗ್, ಒಂದೊಂದು ಹಂತಕ್ಕೆ ಶೇ. 3ರಷ್ಟು ವೇಗವನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಆಟಗಾರನ ಸಂಗಡಿಗರಲ್ಲೊಬ್ಬ ಈ ಕೌಶಲದಲ್ಲಿ ಪಳಗಿರುತ್ತಾನೆ, ಪಡೆಯ ತುಂಬ ಸ್ವಾಡಿಯಾದ ನೈಟ್ ಎಂಬ ಕುದುರೆ ಸವಾರರಿರುತ್ತಾರೆ, ಹೀಗಾಗಿ ಆಟಗಾರನ ಪಡೆ ಮುಂದೆ ಓಡುತ್ತದೆ, ಕಾಲಾಳುಗಳೇ ಹೆಚ್ಚಿರುವ ಸಾಮಂತನ ಪಡೆ ಹಿಂದೆ ಉಳಿಯುತ್ತದೆ. ಅಂತರ ಒಂದು ಮಿತಿ ಮೀರಿದರೆ ಆ ಸಾಮಂತನ ಲೆಕ್ಕದಲ್ಲಿ ನೀವು ಇಲ್ಲದವರಾಗುತ್ತೀರಿ. ಅವನು ತನ್ನ ಪಾಡಿಗೆ ತಾನು ಗಸ್ತು ತಿರುಗಲೋ ಕಣ್ಣಿಗೆ ಬಿದ್ದ ಪುಂಡರ ಗುಂಪನ್ನು ಅಟ್ಟಲೋ ಹೊರಡುತ್ತಾನೆ.

ದುರಸ್ತಿ ಹೀಗೆ. ಸೇರುವ ಸ್ಥಳ ರಾಜ್ಯದ ನಡುವೆ ಇರಲಿ, ಗಡಿಯಲ್ಲಿ ಬೇಡ. ಸ್ವಾಡಿಯಾಕ್ಕಾದರೆ ಸುನೋ ಅಥವಾ ಉಕ್ಸ್‌ಖಾಲ್ ಹತ್ತಿರ ಕರೆಯುವುದು ಸರಿ, ಶತ್ರುವಿನ ಕೋಟೆಯ ಬಾಗಿಲಲ್ಲಿ ನಿಂತು ಕರೆಯುವುದು ತಪ್ಪು. ಕರೆ ಕೊಟ್ಟ ಮೇಲೆ ಜಾಗ ಬಿಟ್ಟು ಕದಲಬೇಡಿ. ಎಲ್ಲರೂ ಸೇರಿದ ಮೇಲೆ ಗುರಿಯತ್ತ ಒಂದೇ ಉಸಿರಿಗೆ ಓಡುವ ಬದಲು ಸ್ವಲ್ಪ ದೂರ ಸಾಗಿ ನಿಂತು, ಹಿಂದಿನವರು ಹತ್ತಿರವಾದ ಮೇಲೆ ಮತ್ತೆ ಹೊರಡಬೇಕು. ಜಾತ್ರೆಯ ತೇರು ಎಳೆದು, ನಿಲ್ಲಿಸಿ, ಮತ್ತೆ ಎಳೆಯುವಂತೆ. ದಾರಿಯಲ್ಲಿ ಸಣ್ಣ ಶತ್ರು ಪಡೆ ಕಂಡರೆ ಬೆನ್ನಟ್ಟುವ ಆಸೆಯನ್ನು ಮಾರ್ಷಲ್ ಬಿಡಲೇಬೇಕು, ಇದು ನನಗೆ ಬಹಳ ಕಷ್ಟವಾದ ಪಾಠ. ನೀವು ಅಡ್ಡ ಓಡಿದಾಗಲೆಲ್ಲ ಬಾಲದ ತುದಿಯಲ್ಲಿರುವ ಇಬ್ಬರು ಕಳಚಿಬೀಳುತ್ತಾರೆ.

ಒಬ್ಬ ಸಾಮಂತನ ದೊಡ್ಡ ಪಡೆ ನಿಮಗೆ ತೀರಾ ಅಗತ್ಯವಿದ್ದರೆ ಸಾರ್ವತ್ರಿಕ ಕರೆಯನ್ನಷ್ಟೇ ನಂಬಿಕೊಂಡಿರದೆ, ಖುದ್ದಾಗಿ ಅವನಲ್ಲಿಗೆ ಹೋಗಿ ನನ್ನನ್ನು ಹಿಂಬಾಲಿಸು ಎಂದು ಕೇಳಬಹುದು. ಒಪ್ಪಿದರೂ ಅದು ಶಾಶ್ವತವಲ್ಲ, ಆದರೆ ಒಂದು ಕಾಳಗದ ಮಟ್ಟಿಗೆ ಸಾಕಾಗುತ್ತದೆ.

ಬಹಳ ದಿನವಾಯಿತು ಎನ್ನುವ ಉತ್ತರ

ಹ್ಯಾರಿಂಗೋತ್ ಮತ್ತು ರಫಾರ್ಡ್ ಕೊಟ್ಟ ಈ ಉತ್ತರ ದಣಿವಿನ ಸೂಚನೆ. ಇಲ್ಲಿ ಆಟಗಾರರು ಮಾಡುವ ತಪ್ಪು ಲೆಕ್ಕದ್ದು. ಮುತ್ತಿಗೆ ಆರಂಭವಾಗಿ ಎರಡೇ ದಿನವಾಯಿತಲ್ಲ, ಇಷ್ಟು ಬೇಗ ಹೇಗೆ ದಣಿದರು ಎಂದು ನಾವು ಕೇಳುತ್ತೇವೆ. ಸಾಮಂತರ ಗಡಿಯಾರ ಓಡುವುದು ಮುತ್ತಿಗೆಯಿಂದಲ್ಲ, ಅವರು ಹಿಂದಿನ ಸಲ ವಿಶ್ರಾಂತಿ ಪಡೆದ ಕಾಲದಿಂದ. ನನ್ನ ಸೇವ್‌ನಲ್ಲಿ ಆದದ್ದು ಇದೇ. ನಾನು ಮಾರ್ಷಲ್ ಆಗುವ ಮುಂಚೆಯೇ ಹಳೆಯ ಮಾರ್ಷಲ್ ಧಿರಿಮ್ ಪಟ್ಟಣದ ಸುತ್ತ ಅವರನ್ನು ಅಲೆದಾಡಿಸಿದ್ದ. ಧಿರಿಮ್ ಕ್ಯಾಲ್ರಾಡಿಯಾದ ನಟ್ಟನಡುವೆ ಇರುವುದರಿಂದ ಅದರ ಮೇಲೆ ಎಲ್ಲ ದಿಕ್ಕಿನ ರಾಜ್ಯಗಳಿಗೂ ಕಣ್ಣು, ಸ್ವಾಡಿಯಾದ ಸಾಮಂತರಿಗೆ ಅಲ್ಲಿ ಬಿಡುವೆಂಬುದೇ ಇರುವುದಿಲ್ಲ. ಅವನ ದಣಿದ ಪಡೆಯನ್ನೇ ನಾನು ನನ್ನ ಹೊಸ ಪಡೆಯೆಂದು ಭಾವಿಸಿ ವೆಲೂಕಾಕ್ಕೆ ಎಳೆದುಕೊಂಡು ಹೋಗಿದ್ದೆ.

ಪರಿಹಾರ ಕೇಳಲು ವಿಚಿತ್ರವಾಗಿದೆ: ದಂಡಯಾತ್ರೆಯನ್ನು ನೀವೇ ಮುಗಿಸಿಬಿಡಬೇಕು. ಯಾವುದೇ ಸಾಮಂತನ ಜೊತೆಗಿನ ಮಾತುಕತೆಯಲ್ಲಿ ದಂಡಯಾತ್ರೆ ಮುಗಿಯಿತು, ಎಲ್ಲರೂ ಮನೆಗೆ ಹೋಗಲಿ ಎಂಬ ಆಯ್ಕೆ ಮಾರ್ಷಲ್‌ಗೆ ಇರುತ್ತದೆ. ಹೊಸದಾಗಿ ಪದವಿಗೆ ಬಂದವನು ಮಾಡಬೇಕಾದ ಮೊದಲ ಕೆಲಸ ಇದೇ ಎಂದು ನನ್ನ ಅಭಿಪ್ರಾಯ, ಪದವಿ ಸಿಕ್ಕ ಹುಮ್ಮಸ್ಸಿನಲ್ಲಿ ಯಾರೂ ಇದನ್ನು ಮಾಡುವುದಿಲ್ಲ. ಸಾಮಂತರು ಮನೆಗೆ ಹೋಗಿ ತೆರಿಗೆ ಕೂಡಿಸಿ, ಹೊಸ ಜನರನ್ನು ಸೇರಿಸಿಕೊಂಡು, ಪಡೆ ತುಂಬಿಕೊಳ್ಳಲಿ. ಆ ದಿನಗಳಲ್ಲಿ ನೀವೂ ನಿಮ್ಮ ಹಳ್ಳಿಗಳನ್ನು ನೋಡಿಕೊಳ್ಳಬಹುದು, ಪಂದ್ಯಾವಳಿಗಳಿಗೆ ಹೋಗಬಹುದು. ಆಮೇಲೆ ಹೊಸ ಕರೆ ಕೊಡಿ.

ಇದೇ ಕಾರಣಕ್ಕೆ ಗುರಿಯ ಆಯ್ಕೆಯೂ ಮುಖ್ಯವಾಗುತ್ತದೆ. ಏಣಿ ಕಟ್ಟಲು ಬೇಕಾಗುವ ಹೊತ್ತು ನಿಮ್ಮ ಪಡೆಯ ಎಂಜಿನಿಯರ್ ಕೌಶಲವನ್ನು ಅವಲಂಬಿಸಿದೆ. ಆ ಕೌಶಲವುಳ್ಳ ಸಂಗಡಿಗನಿಲ್ಲದೆ ಮುತ್ತಿಗೆ ಹಾಕುವುದೆಂದರೆ ದಣಿವಿನ ಗಡಿಯಾರವನ್ನು ಮುಂದೆ ತಿರುಗಿಸಿದಂತೆ. ಒಳಗಿನವರನ್ನು ಹಸಿವಿನಿಂದ ಮಣಿಸುವ ಉಪಾಯವಂತೂ ಸಾಮಂತರ ಪಡೆ ನಂಬಿದವನಿಗೆ ಹೇಳಿಸಿದ್ದಲ್ಲ. ಕೋಟೆಯೊಳಗಿನವರು ಸೊರಗುವ ಮುಂಚೆ ಕೋಟೆಯ ಹೊರಗಿನವರು ಮನೆ ಸೇರಿರುತ್ತಾರೆ.

ವಿವೇಕದ ಮೇಲೆ ಸಂಶಯ, ಅನಾಹುತದ ಭಯ

ಈಗ ಕ್ಲಾರ್ಗಸ್‌ನ ವಿಷಯಕ್ಕೆ ಬರೋಣ. ಮಾರ್ಷಲ್‌ನ ವಿವೇಕವನ್ನು ನಂಬುವುದಿಲ್ಲ, ಇವನು ನಮ್ಮನ್ನು ಅನಾಹುತಕ್ಕೆ ತಳ್ಳಿಯಾನು, ಇವನ ಹಿಂದೆ ಹೋಗುವುದಕ್ಕಿಂತ ನಾನೊಬ್ಬನೇ ದೊಡ್ಡ ಸಾಹಸ ಮಾಡಬಲ್ಲೆ ಎಂಬ ಮೂರು ಉತ್ತರಗಳೂ ಒಂದೇ ಕುಟುಂಬದವು. ಇವು ದೂರಕ್ಕಾಗಲಿ ದಣಿವಿಗಾಗಲಿ ಸಂಬಂಧಪಟ್ಟವಲ್ಲ. ಇಲ್ಲಿ ಕೆಟ್ಟಿರುವುದು ನಿಮ್ಮಿಬ್ಬರ ಸಂಬಂಧ, ಇಲ್ಲವೇ ರಾಜ್ಯದಲ್ಲಿ ನಿಮ್ಮ ಹೆಸರು.

ವರದಿಗಳ ಪುಟದಲ್ಲಿ ಪರಿಚಿತ ಸಾಮಂತರನ್ನು ಸಂಬಂಧದ ಅಂಕದ ಕ್ರಮದಲ್ಲಿ ತೋರಿಸುವ ಪಟ್ಟಿಯಿದೆ. ಕರೆ ಕೊಡುವ ಮುಂಚೆ ಆ ಪಟ್ಟಿಯ ಕೆಳತುದಿಯನ್ನು ನೋಡುವುದು ಲೇಸು. ಅಂಕ ಸೊನ್ನೆಗಿಂತ ಕೆಳಗಿರುವವನನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅವನು ಬಂದರೆ ಅದು ಬೋನಸ್. ಇದರ ಜೊತೆಗೆ ವಿವಾದ ಎಂಬ ಇನ್ನೊಂದು ಅಳತೆಯೂ ಒಳಗೊಳಗೆ ಕೆಲಸ ಮಾಡುತ್ತದೆ. ಅರಸನಿಂದ ನಿಮಗೆ ಹೊಸ ಉಂಬಳಿ ಸಿಕ್ಕಾಗ ಉಳಿದವರ ಕಣ್ಣಿಗೆ ನೀವು ವಿವಾದಾಸ್ಪದರಾಗುತ್ತೀರಿ, ಕಾಲ ಕಳೆದಂತೆ ಅದು ತಣ್ಣಗಾಗುತ್ತದೆ. ನಿಮ್ಮ ಮೇಲೆ ಗಾಢವಾದ ಸ್ನೇಹವಿರುವವನು ವಿವಾದವನ್ನು ಲೆಕ್ಕಿಸುವುದಿಲ್ಲ. ಹೌದೋ ಅಲ್ಲವೋ ಎಂಬಂತೆ ಇರುವವನು ಅದನ್ನೇ ನೆಪ ಮಾಡಿಕೊಂಡು ಹಿಂದೆ ಸರಿಯುತ್ತಾನೆ. ಹೊಸ ಕೋಟೆಯನ್ನು ನಿಮ್ಮ ಹೆಸರಿಗೆ ಬರೆಸಿಕೊಂಡ ಬೆನ್ನಲ್ಲೇ ದಂಡಯಾತ್ರೆಗೆ ಕರೆದರೆ ಹಾಜರಿ ಕುಸಿಯುವುದು ಇದರಿಂದ.

ಸಾಮಂತರ ಸ್ವಭಾವಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಆಟದೊಳಗೆ ಏಳು ಬಗೆಯ ಸ್ವಭಾವಗಳಿವೆ: ಸಮರಪ್ರಿಯ, ನ್ಯಾಯನಿಷ್ಠ, ಸಜ್ಜನ, ಜಗಳಗಂಟ, ತಂತ್ರಗಾರ, ತಾನೇ ಸರಿಯೆನ್ನುವವನು, ಕ್ರೂರಿ. ಪ್ರತಿ ಹೊಸ ಆಟದ ಆರಂಭದಲ್ಲಿ ಇವು ಸಾಮಂತರಿಗೆ ಹೊಸದಾಗಿ ಹಂಚಿಕೆಯಾಗುತ್ತವೆ. ಆದ್ದರಿಂದ ನನ್ನ ಆಟದ ಕ್ಲಾರ್ಗಸ್ ಸಿಡುಕನಾಗಿದ್ದರೆ ನಿಮ್ಮ ಆಟದ ಕ್ಲಾರ್ಗಸ್ ಸಜ್ಜನನಾಗಿರಬಹುದು; ಇಂಥ ಸಾಮಂತ ನಂಬಿಗಸ್ತ, ಇಂಥವನು ದ್ರೋಹಿ ಎಂದು ಗೆಳೆಯರು ಕೊಡುವ ಸಲಹೆಗಳಿಗೆ ಬೆಲೆಯಿಲ್ಲ. ಸ್ವಭಾವವನ್ನು ಎಲ್ಲಿಯೂ ಬರೆದು ತೋರಿಸಿರುವುದಿಲ್ಲ, ಅವರ ಮಾತಿನ ಧಾಟಿಯಿಂದ ಊಹಿಸಬೇಕು. ಮೊದಲ ಭೇಟಿಯಲ್ಲೇ ನೀನು ಯಾರೋ ಎಂದು ಮೂಗು ಮುರಿಯುವವನು, ಹಳ್ಳಿಯ ಬಡವರ ಬಗ್ಗೆ ಮರುಕದಿಂದ ಮಾತಾಡುವವನು, ಯುದ್ಧದ ಸುದ್ದಿ ಕೇಳಿದೊಡನೆ ಅರಳುವವನು, ಇವರನ್ನು ನಾಲ್ಕೈದು ಭೇಟಿಗಳಲ್ಲಿ ಗುರುತಿಸಲು ಬರುತ್ತದೆ.

ಗುರುತಿಸಿದ್ದರಿಂದ ಏನು ಪ್ರಯೋಜನ? ಸೋತ ಶತ್ರು ಸಾಮಂತನನ್ನು ಸೆರೆಹಿಡಿಯದೆ ಬಿಟ್ಟುಕಳಿಸಿದರೆ ನಿಮ್ಮ ಗೌರವದ ಅಂಕ ಏರುತ್ತದೆ. ಗೌರವ ಏರಿದಂತೆ ನ್ಯಾಯನಿಷ್ಠರೂ ಸಜ್ಜನರೂ ಹತ್ತಿರವಾಗುತ್ತಾರೆ. ಶತ್ರುವಿನ ಹಳ್ಳಿಗಳನ್ನು ಸುಲಿದು ಸುಟ್ಟು ಹಣ ಮಾಡುವ ಆಟಗಾರನಿಂದ ಇದೇ ಜನ ದೂರವಾಗುತ್ತಾರೆ. ಅಂದರೆ ವೆಲೂಕಾದಲ್ಲಿ ನಿಮ್ಮನ್ನು ಬಿಟ್ಟುಹೋದ ಸಾಮಂತ ಅದಕ್ಕೂ ಒಂದು ತಿಂಗಳ ಹಿಂದೆ ನೀವು ಸುಟ್ಟ ಹಳ್ಳಿಯ ಲೆಕ್ಕವನ್ನು ಅಲ್ಲಿ ಚುಕ್ತಾ ಮಾಡಿರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಹಳ್ಳಿ ಸುಲಿಗೆಯಿಂದ ಬರುವ ಹಣ ಎಷ್ಟೇ ಇದ್ದರೂ ಮಾರ್ಷಲ್ ಆಗಬಯಸುವವನಿಗೆ ಅದು ನಷ್ಟದ ವ್ಯಾಪಾರ.

ಸಂಬಂಧ ಸರಿಪಡಿಸುವ ದಾರಿಗಳಲ್ಲಿ ನನಗೆ ಬೇಗ ಫಲ ಕೊಟ್ಟದ್ದು, ಸೋಲುವ ಸ್ಥಿತಿಯಲ್ಲಿರುವ ಸಾಮಂತನ ಕಾಳಗಕ್ಕೆ ನುಗ್ಗಿ ಅವನನ್ನು ಉಳಿಸುವುದು. ಶತ್ರುವಿನ ಸೆರೆಮನೆಯಲ್ಲಿರುವವನನ್ನು ಬಿಡಿಸಿ ತಂದರೆ ಇನ್ನೂ ಹೆಚ್ಚು. ಅವನು ಒಪ್ಪಿಸುವ ಕಾಗದ ಮುಟ್ಟಿಸುವ ಕೆಲಸ, ತೆರಿಗೆ ಕೂಡಿಸುವ ಕೆಲಸಗಳಿಂದಲೂ ಅಂಕ ಬರುತ್ತದೆ, ಆದರೆ ಅವು ನಿಧಾನ. ರಾಜ್ಯದಲ್ಲಿ ಇಬ್ಬರು ಸಾಮಂತರು ಕಚ್ಚಾಡುತ್ತಿದ್ದರೆ ಒಬ್ಬನ ಪರ ವಹಿಸುವುದೆಂದರೆ ಇನ್ನೊಬ್ಬನನ್ನು ಕಳೆದುಕೊಳ್ಳುವುದೆಂದೇ ತಿಳಿದು, ಯಾರ ಪಡೆ ದೊಡ್ಡದು ಎಂದು ನೋಡಿ ಹೆಜ್ಜೆಯಿಡಿ. ಇದು ನೀತಿಯ ಮಾತಲ್ಲವೆಂದು ಬಲ್ಲೆ.

ಮನೆಯ ಕೆಲಸ ಮತ್ತು ಖಾಲಿ ಪಡೆ

ನನ್ನ ಆಸ್ತಿಗಳನ್ನು ನೋಡಿಕೊಳ್ಳಬೇಕು, ಬರಬೇಕಾದ ಬಾಕಿಯನ್ನು ವಸೂಲಿ ಮಾಡಬೇಕು ಎಂಬ ಉತ್ತರ ಬಂದರೆ ಗಾಬರಿಪಡಬೇಕಿಲ್ಲ. ಅವನನ್ನು ಹೋಗಲು ಬಿಡಿ. ತನ್ನ ಕೋಟೆಯ ಹತ್ತಿರ ಶತ್ರು ಕಾಣಿಸಿಕೊಂಡಿದ್ದಾನೆಂದು ಹೊರಟವನನ್ನಂತೂ ತಡೆಯಲಾಗದು, ತಡೆಯಲೂಬಾರದು. ಆ ಕೋಟೆ ಬಿದ್ದರೆ ಕಳೆದುಕೊಳ್ಳುವುದು ನಿಮ್ಮ ರಾಜ್ಯವೇ.

ಕಾಳಗದಲ್ಲಿ ಸೋತು ತಪ್ಪಿಸಿಕೊಂಡು ಬಂದ ಸಾಮಂತ ಕೆಲವು ದಿನ ಬೆರಳೆಣಿಕೆಯ ಜನರೊಂದಿಗೆ ತಿರುಗುತ್ತಿರುತ್ತಾನೆ. ನಕ್ಷೆಯ ಮೇಲೆ ಅವನ ಪಡೆಯತ್ತ ಕರ್ಸರ್ ಇಟ್ಟರೆ ಜನರ ಸಂಖ್ಯೆ ಕಾಣುತ್ತದೆ. ಅಂಥವನು ಬಾರದಿರುವುದು ದೋಷವಲ್ಲ, ಬಂದರೆ ಅದೇ ದೋಷ. ಕರೆಯುವ ಮುಂಚೆ ಬಾವುಟಗಳನ್ನು ಎಣಿಸದೆ ತಲೆಗಳನ್ನು ಎಣಿಸಿ.

ಔತಣದ ಬಗ್ಗೆಯೂ ಒಂದು ಮಾತು. ದಂಡಯಾತ್ರೆಯಿಲ್ಲದ ದಿನಗಳಲ್ಲಿ ಅರಸ ಔತಣ ಏರ್ಪಡಿಸಿದರೆ ಸಾಮಂತರೆಲ್ಲ ಅಲ್ಲಿಗೆ ಹೋಗುತ್ತಾರೆ. ಸ್ವಾಡಿಯಾದ ಹಾರ್ಲಾಸ್ ದೊರೆ ರಾಜ್ಯಕ್ಕೆ ಬೆಂಕಿ ಬಿದ್ದರೂ ಔತಣ ಬಿಡುವವನಲ್ಲ ಎಂಬುದು ಆಟಗಾರರ ವಲಯದಲ್ಲಿ ವರ್ಷಗಳಿಂದ ಓಡಾಡುತ್ತಿರುವ ನಗೆಮಾತು. ಆದರೆ ರೋಗ ಪತ್ತೆಗೆ ಔತಣದಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ: ನಕ್ಷೆಯ ತುಂಬ ಬೆನ್ನಟ್ಟಿ ಹಿಡಿಯಬೇಕಾದವರೆಲ್ಲ ಒಂದೇ ಸಭಾಂಗಣದಲ್ಲಿ ನಿಂತಿರುತ್ತಾರೆ. ಒಬ್ಬೊಬ್ಬರನ್ನೂ ಮಾತಾಡಿಸಿ, ರಾಜಕೀಯದ ವಿಷಯ ಎತ್ತಿ, ಅವರ ಮನಸ್ಸು ಯಾರ ಕಡೆಗಿದೆಯೆಂದು ತಿಳಿದುಕೊಳ್ಳಬಹುದು.

ಬಂದರು, ಆದರೆ ಕಾಳಗದಲ್ಲಿ ಉಪಯೋಗಕ್ಕೆ ಬರಲಿಲ್ಲ

ಇದು ಬೇರೆಯೇ ದೋಷ, ಮೇಲಿನ ಯಾವ ದುರಸ್ತಿಯೂ ಇದಕ್ಕೆ ನಾಟುವುದಿಲ್ಲ. ವಾರ್‌ಬ್ಯಾಂಡ್‌ನ ಕಾಳಗದಲ್ಲಿ ನಿಮ್ಮ ಆಜ್ಞೆ ನಡೆಯುವುದು ನಿಮ್ಮ ಸ್ವಂತ ಪಡೆಯ ಮೇಲೆ ಮಾತ್ರ. ನೀವು ಗುಡ್ಡದ ಮೇಲೆ ಬಿಲ್ಲುಗಾರರನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರೆ ಮಿತ್ರ ಸಾಮಂತನ ಸವಾರರು ಅದರ ಗೊಡವೆಯಿಲ್ಲದೆ ಕೆಳಗೆ ಧುಮುಕುತ್ತಾರೆ. ದೊಡ್ಡ ಗುರಾಣಿಗಳ ಹಿಂದೆ ನಿಂತ ರೋಡಾಕರ ಈಟಿಗಾರರಿಗೂ ಅಡ್ಡಬಿಲ್ಲಿನವರಿಗೂ ಹೀಗೆ ಚದುರಿ ಬರುವ ಕುದುರೆಗಳೆಂದರೆ ಹಬ್ಬ. ಅವರನ್ನು ತಡೆಯುವ ಗುಂಡಿಯಿಲ್ಲ. ನೀವೇ ಅವರ ವೇಗಕ್ಕೆ ಹೊಂದಿಕೊಂಡು, ಅವರು ಶತ್ರುವಿನ ಸಾಲಿಗೆ ಬಡಿದ ಕ್ಷಣದಲ್ಲೇ ನಿಮ್ಮ ಸವಾರರನ್ನು ಪಕ್ಕದಿಂದ ನುಗ್ಗಿಸಬೇಕು. ಗುಡ್ಡದ ಮೇಲೆ ಕಾಯುವ ತಂತ್ರ ಒಬ್ಬಂಟಿ ಪಡೆಗೆ ಚಿನ್ನ, ಮೈತ್ರಿಯ ಪಡೆಗೆ ಮಣ್ಣು.

ಇನ್ನೊಂದು ವಿಷಯ ಅಂತರ. ಕಾಳಗ ಆರಂಭವಾದ ಕ್ಷಣದಲ್ಲಿ ನಕ್ಷೆಯ ಮೇಲೆ ಹತ್ತಿರವಿದ್ದ ಪಡೆಗಳಷ್ಟೇ ಅದರಲ್ಲಿ ಸೇರುತ್ತವೆ. ಕೂಗಳತೆಯಲ್ಲಿದ್ದಾರೆ, ಬಂದುಬಿಡುತ್ತಾರೆ ಎಂದು ನಂಬಿ ಶತ್ರುವನ್ನು ಮುಟ್ಟಿದವನು ಒಂಟಿಯಾಗಿ ಕಾದುತ್ತಾನೆ. ಮುಟ್ಟುವ ಮುಂಚೆ ಒಂದು ಗಳಿಗೆ ನಿಂತು, ಮಿತ್ರರು ನಿಮ್ಮ ಮೇಲೇ ಏರಿ ಬಂದಂತೆ ಕಂಡಾಗ ಮುನ್ನುಗ್ಗಿ.

ಎಲ್ಲದಕ್ಕೂ ಮೀರಿದ ಭದ್ರತೆಯೆಂದರೆ ನಿಮ್ಮದೇ ಪಡೆಯ ಗಾತ್ರ. ನಾಯಕತ್ವದ ಕೌಶಲ ಒಂದು ಹಂತ ಏರಿದರೆ 5 ಜನ, ವರ್ಚಸ್ಸಿನ ಒಂದು ಅಂಕಕ್ಕೆ ಒಬ್ಬ, ಖ್ಯಾತಿಯ 25 ಅಂಕಗಳಿಗೆ ಒಬ್ಬ, ಹೀಗೆ ಪಡೆಯ ಮಿತಿ ಬೆಳೆಯುತ್ತದೆ. ಸಾಮಂತರಲ್ಲಿ ಅರ್ಧದಷ್ಟು ಮಂದಿ ಬಿಟ್ಟುಹೋದರೂ ಹಿಮ್ಮೆಟ್ಟಿ ಬದುಕಿ ಬರಬಲ್ಲಷ್ಟು ಪಡೆ ಸ್ವಂತದ್ದಾಗಿ ಇಲ್ಲದವನು ಮಾರ್ಷಲ್ ಪದವಿಯನ್ನು ಒಪ್ಪಿಕೊಳ್ಳದಿರುವುದೇ ಲೇಸು.

ನೀವೇ ಅರಸರಾಗಿದ್ದರೆ

ಆಗ ಸಾಮಂತರ ಅಸಮಾಧಾನ ಗೈರುಹಾಜರಿಗೆ ನಿಲ್ಲುವುದಿಲ್ಲ, ಅವರು ಉಂಬಳಿಯ ಸಮೇತ ಇನ್ನೊಂದು ರಾಜ್ಯಕ್ಕೆ ಹಾರಿಹೋಗಬಹುದು. ಗೆದ್ದ ಕೋಟೆಯನ್ನು ಒಬ್ಬನಿಗೆ ಕೊಟ್ಟ ದಿನ ಉಳಿದವರ ಸಂಬಂಧದ ಅಂಕ ಇಳಿಯುತ್ತದೆ. ಜಗಳಗಂಟರೂ ತಾನೇ ಸರಿಯೆನ್ನುವವರೂ ಹೆಚ್ಚು ಮುನಿಯುತ್ತಾರೆ, ಸಜ್ಜನರೂ ನ್ಯಾಯನಿಷ್ಠರೂ ಸೈರಿಸಿಕೊಳ್ಳುತ್ತಾರೆ. ಆದ್ದರಿಂದ ಬೇರೆ ರಾಜ್ಯದ ಸಾಮಂತರನ್ನು ಒಲಿಸಿ ಕರೆತರುವಾಗ ಅವರ ಪಡೆಯ ಗಾತ್ರಕ್ಕಿಂತ ಸ್ವಭಾವವನ್ನೇ ಮೊದಲು ನೋಡಬೇಕು. ಆರು ಮಂದಿ ಸೈರಣೆಯುಳ್ಳವರಿರುವ ರಾಜ್ಯವನ್ನು ಹಿಡಿದಿಡಬಹುದು. ಹನ್ನೆರಡು ಮಂದಿ ಜಗಳಗಂಟರನ್ನು ಕಟ್ಟಿಕೊಂಡವನಿಗೆ ಪ್ರತಿ ಗೆಲುವಿನ ಮರುದಿನವೂ ಹೊಸದೊಂದು ಮನೆಜಗಳ.

ಬ್ಯಾನರ್‌ಲಾರ್ಡ್ ಆಡುವವರಿಗೆ

2020ರಲ್ಲಿ ಆರಂಭಿಕ ರೂಪದಲ್ಲಿ, 2022ರಲ್ಲಿ ಪೂರ್ಣ ರೂಪದಲ್ಲಿ ಬಂದ ಮುಂದಿನ ಆಟದಲ್ಲಿ ರೋಗಪತ್ತೆ ಸುಲಭ, ಏಕೆಂದರೆ ಅಲ್ಲಿ ಒಗ್ಗಟ್ಟನ್ನು 100ರಿಂದ ಕೆಳಗಿಳಿಯುವ ಅಂಕವಾಗಿ ಪರದೆಯ ಮೇಲೆಯೇ ತೋರಿಸುತ್ತಾರೆ. ಸಾಮಂತರನ್ನು ಕರೆಯಲು ಪ್ರಭಾವದ ಅಂಕಗಳನ್ನು ಖರ್ಚು ಮಾಡಬೇಕು, ಒಗ್ಗಟ್ಟು ಕುಗ್ಗಿದಾಗ ಅದೇ ಅಂಕಗಳಿಂದ ಮೇಲೆತ್ತಬಹುದು, ಸೊನ್ನೆ ಮುಟ್ಟಿದರೆ ಪಡೆ ಚದುರುತ್ತದೆ. ಒಗ್ಗಟ್ಟಿನ ಅಂಕದ ಮೇಲೆ ಕರ್ಸರ್ ಇಟ್ಟರೆ ಅದು ಏಕೆ ಇಳಿಯುತ್ತಿದೆಯೆಂಬ ವಿವರ ಸಿಗುತ್ತದೆ. ಪಡೆಗಳ ಸಂಖ್ಯೆ ಹೆಚ್ಚಾದಷ್ಟೂ, ಹಸಿದ ಪಡೆಗಳು ಜೊತೆಗಿದ್ದಷ್ಟೂ ಇಳಿತ ಚುರುಕಾಗುತ್ತದೆ. ಅಲ್ಲಿ ನಾಯಕನಾದವನು ಕಾಳಗದಲ್ಲಿ ಮಿತ್ರರ ಸೈನಿಕರಿಗೂ ಆಜ್ಞೆ ಮಾಡಬಲ್ಲ. ವಾರ್‌ಬ್ಯಾಂಡ್‌ನಲ್ಲಿ ಹತ್ತು ವರ್ಷ ಪರದಾಡಿದವರಿಗೆ ಇದು ಸ್ವಲ್ಪ ಮೋಸದಂತೆ ಕಾಣುವುದೂ ಉಂಟು.

ದುರಸ್ತಿ ಸರಿಯಾಯಿತೇ ಎಂದು ನೋಡುವ ಬಗೆ

ಒಂದು ಸಲಕ್ಕೆ ಒಂದೇ ದೋಷವನ್ನು ಸರಿಪಡಿಸಿ ಪರೀಕ್ಷಿಸಬೇಕು. ಸೇರುವ ಸ್ಥಳವನ್ನೂ ಬದಲಿಸಿ, ವಿಶ್ರಾಂತಿಯನ್ನೂ ಕೊಟ್ಟು, ಮೂವರ ಸಂಬಂಧವನ್ನೂ ಸುಧಾರಿಸಿಕೊಂಡು ಹೊರಟರೆ ಹಾಜರಿ ಹೆಚ್ಚುತ್ತದೆ ನಿಜ, ಯಾವುದರಿಂದ ಹೆಚ್ಚಿತೆಂಬುದು ತಿಳಿಯುವುದಿಲ್ಲ. ಕರೆ ಕೊಟ್ಟ ದಿನ ಎಷ್ಟು ಮಂದಿ, ಗಡಿ ದಾಟಿದಾಗ ಎಷ್ಟು, ಏಣಿ ಸಿದ್ಧವಾದಾಗ ಎಷ್ಟು ಎಂಬ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮೊದಲ ಸಂಖ್ಯೆಯೇ ಸಣ್ಣದಾದರೆ ಸಂಬಂಧವನ್ನೋ ಖಾಲಿ ಪಡೆಗಳನ್ನೋ ನೋಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬಿದ್ದರೆ ನಿಮ್ಮ ನಡಿಗೆಯ ವೇಗವನ್ನು ನೋಡಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಿದ್ದರೆ ದಣಿವು.

ನನ್ನ ಹಳೆಯ ಸೇವ್‌ನಲ್ಲಿ ಈ ಸಂಖ್ಯೆಗಳು ಒಂಬತ್ತು, ಆರು, ಎರಡು ಆಗಿದ್ದವು. ದಂಡಯಾತ್ರೆ ಮುಗಿಸಿ ಎಲ್ಲರನ್ನೂ ಮನೆಗೆ ಕಳಿಸಿ, ಸುಮಾರು ಮೂರು ವಾರ ಬಿಟ್ಟು, ಬೇರೇನನ್ನೂ ಬದಲಿಸದೆ ಮತ್ತೆ ಉಕ್ಸ್‌ಖಾಲ್ ಹೊರಗೇ ಕರೆ ಕೊಟ್ಟಾಗ ಹನ್ನೊಂದು, ಎಂಟು, ಎಂಟು ಆಯಿತು. ಕಡೆಯ ಎರಡು ಸಂಖ್ಯೆಗಳ ನಡುವಿನ ಸೋರಿಕೆ ನಿಂತಿತ್ತು. ಮೊದಲೆರಡರ ನಡುವೆ ಮೂವರು ಹೋದದ್ದು ನಾನು ದಾರಿಯಲ್ಲಿ ಒಂದು ರೋಡಾಕ್ ಗಸ್ತು ಪಡೆಯನ್ನು ಬೆನ್ನಟ್ಟಿದ್ದರಿಂದ, ಅದು ನನಗೆ ಆಗಲೇ ಗೊತ್ತಾಯಿತು. ಕ್ಲಾರ್ಗಸ್ ಈ ಸಲವೂ ಬರಲಿಲ್ಲ. ಹೋಗಿ ಕೇಳಿದೆ, ಅದೇ ಉತ್ತರ. ಅವನನ್ನು ಸುನೋ ಸುತ್ತಮುತ್ತ ಗಸ್ತು ತಿರುಗಲು ಬಿಟ್ಟು, ಎಂಟು ಮಂದಿಯೊಂದಿಗೆ ವೆಲೂಕಾದ ಗೋಡೆಗೆ ಏಣಿ ಹಾಕಿಸಿದೆ.